52ರಲ್ಲಿ 27 ಕಳೆದರೆ 35 ಎನ್ನುವ ಮಗಳಿಗೆ ಮನೆಯಲ್ಲಿ ಏನು ಮಾಡಿಸಲಿ?

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಶಿವಮೊಗ್ಗದಲ್ಲಿ 3ನೇ ಕ್ಲಾಸು ಓದುತ್ತಿದ್ದಾಳೆ. ಹತ್ತರ ತನಕ ಮಗ್ಗಿ ಬಾಯಿಪಾಠ ಬರುತ್ತದೆ. ಆದರೆ 52ರಲ್ಲಿ 27 ಕಳೆ ಎಂದರೆ 35 ಬರೆಯುತ್ತಾಳೆ. ಪ್ರತಿ ಸಲ ಇದೇ ತರಹದ ತಪ್ಪು. ಕೈಯಿಂದ ಮಾಡಿ ಕಲಿತರೆ ಚೆನ್ನಾಗಿ ತಲೆಗೆ ಹೋಗುತ್ತದೆ ಎಂದು ಕೇಳಿ, 1,800 ರೂಪಾಯಿ ಕೊಟ್ಟು ಒಂದು ಆಕ್ಟಿವಿಟಿ ಕಿಟ್ ತರಿಸಿದೆ. ಎರಡು ದಿನ ಆಡಿ ಬಿಟ್ಟಳು. ವಿಡಿಯೋ ನೋಡಿ ದಿನಕ್ಕೊಂದು ಹೊಸ ಚಟುವಟಿಕೆ ಮಾಡಿಸಿದೆ. ಮಾಡುವಾಗ ಖುಷಿಯಾಗಿರುತ್ತಾಳೆ, ಪರೀಕ್ಷೆಯಲ್ಲಿ ಮತ್ತೆ ಅದೇ ತಪ್ಪು. 'ಇದೆಲ್ಲ ಆಟ, ದಿನಾ ಇಪ್ಪತ್ತು ಲೆಕ್ಕ ಬರೆಸು, ತಾನಾಗಿ ಬರುತ್ತೆ' ಎನ್ನುತ್ತಾರೆ ನಮ್ಮ ಅತ್ತೆ. ಅಬಾಕಸ್ ಕ್ಲಾಸಿಗೆ ಸೇರಿಸು ಎನ್ನುತ್ತಾರೆ ಓರಗಿತ್ತಿ. ಬೆರಳಚ್ಚು ತೆಗೆದು ಮಗು ಯಾವ ರೀತಿ ಕಲಿಯುತ್ತದೆ ಎಂದು ಹೇಳುತ್ತಾರಂತೆ, ಅದನ್ನು ಮಾಡಿಸಿ ಎಂದು ಇನ್ನೊಬ್ಬರು. ನಾನು ಕೆಲಸಕ್ಕೆ ಹೋಗುವವಳು. ಸಂಜೆ ಹೆಚ್ಚೆಂದರೆ ಅರ್ಧ ಗಂಟೆ ಸಿಗುತ್ತದೆ. ಮನೆಯಲ್ಲಿ ಮೂರು ವರ್ಷದ ಮಗನೂ ಇದ್ದಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಆ 35. ಮಗಳ ತಪ್ಪನ್ನು ಇದ್ದ ಹಾಗೇ ಬರೆದಿದ್ದೀರಿ, ಅದರಿಂದ ಅರ್ಧ ಉತ್ತರ ಸಿಕ್ಕ ಹಾಗಾಯಿತು. ಅವಳು ಏನು ಮಾಡಿದ್ದಾಳೆ ನೋಡಿ. ಬಿಡಿ ಸ್ಥಾನದಲ್ಲಿ 2 ಮತ್ತು 7 ಇವೆ. 2ರಲ್ಲಿ 7 ಹೋಗುವುದಿಲ್ಲ, ಹಾಗಾಗಿ 7ರಲ್ಲಿ 2 ಕಳೆದು 5 ಬರೆದಳು. ಹತ್ತರ ಸ್ಥಾನದಲ್ಲಿ 5ರಲ್ಲಿ 2 ಹೋಗಿ 3. ಒಂದನೇ ಕ್ಲಾಸಿನಲ್ಲಿ 'ದೊಡ್ಡದರಲ್ಲಿ ಚಿಕ್ಕದನ್ನು ಕಳೆ' ಎಂದು ಹೇಳಿಕೊಟ್ಟಿರುತ್ತಾರೆ. ಆ ಮಾತನ್ನೇ ಅವಳು ಇಲ್ಲೂ ಪಾಲಿಸಿದ್ದಾಳೆ.

ಇದು ಗಮನ ಇಲ್ಲದೆ ಆದ ತಪ್ಪಲ್ಲ. ದಡ್ಡತನವಂತೂ ಅಲ್ಲವೇ ಅಲ್ಲ. ಪ್ರಾಥಮಿಕ ಶಾಲೆಯ ಗಣಿತ ನೋಡಿಕೊಳ್ಳುವ ನಮ್ಮಂಥವರಿಗೆ ಎರಡನೇ, ಮೂರನೇ ಕ್ಲಾಸಿನಲ್ಲಿ ಅತಿ ಹೆಚ್ಚು ಕಾಣಿಸುವ ತಪ್ಪು ಇದೇ. ಬೇರೆ ಬೇರೆ ದೇಶಗಳ ಮಕ್ಕಳೂ ಇದನ್ನೇ ಮಾಡುತ್ತಾರೆ. ಅವಳ ಕಣ್ಣಿಗೆ 52 ಎಂದರೆ ಪಕ್ಕಪಕ್ಕದಲ್ಲಿ ನಿಂತ ಒಂದು ಐದು, ಒಂದು ಎರಡು. ಆ ಐದರೊಳಗೆ ಐವತ್ತು ಇದೆ ಎನ್ನುವುದು ಬಾಯಿಗೆ ಗೊತ್ತಿರಬಹುದು, ಮನಸ್ಸಿಗೆ ಇನ್ನೂ ತಟ್ಟಿಲ್ಲ.

ಇದು ನಿಜವೇ ಎಂದು ಇವತ್ತೇ ನೋಡಬಹುದು. 16 ಹುಣಸೆ ಬೀಜ ಎಣಿಸಿ ಮುಂದೆ ಇಡಿ. ಕಾಗದದ ಮೇಲೆ 16 ಎಂದು ಬರೆಯಿರಿ. 6ರ ಮೇಲೆ ಬೆರಳಿಟ್ಟು 'ಇದಕ್ಕೆ ಎಷ್ಟು ಬೀಜ, ತೋರಿಸು' ಎನ್ನಿ. ಆರು ತೋರಿಸುತ್ತಾಳೆ. ಆಮೇಲೆ 1ರ ಮೇಲೆ ಬೆರಳಿಟ್ಟು ಅದನ್ನೇ ಕೇಳಿ. ಈ ವಯಸ್ಸಿನ ಎಷ್ಟೋ ಮಕ್ಕಳು ಒಂದೇ ಒಂದು ಬೀಜ ಎತ್ತಿ ತೋರಿಸುತ್ತಾರೆ. ಉಳಿದ ಒಂಬತ್ತು ಬೀಜ ಯಾಕೆ ಹಾಗೇ ಇವೆ ಎಂದು ಕೇಳಿದರೆ ಅವರಿಗೇ ಗೊಂದಲ. ನಿಮ್ಮ ಮಗಳು ಏನು ತೋರಿಸಿದರೂ ಆಗ ತಿದ್ದಬೇಡಿ. ಅದು ಪರೀಕ್ಷೆ ಅಲ್ಲ, ಎಲ್ಲಿಂದ ಶುರು ಮಾಡಬೇಕು ಎಂದು ನಿಮಗೆ ತಿಳಿಯಲಿಕ್ಕೆ ಮಾತ್ರ.

ಈಗ ನಿಮಗೆ ಬಂದ ಸಲಹೆಗಳ ಮಾತು. ದಿನಾ ಇಪ್ಪತ್ತು ಲೆಕ್ಕ ಬರೆಸು ಎನ್ನುವುದರಲ್ಲಿ ಒಂದು ಸತ್ಯ ಇದೆ. ಅಭ್ಯಾಸ ಬೇಕೇ ಬೇಕು. ಆದರೆ ಅಭ್ಯಾಸ ಯಾವಾಗ ಎನ್ನುವುದು ಮುಖ್ಯ. ಈಗ ಇಪ್ಪತ್ತು ಲೆಕ್ಕ ಬರೆಸಿದರೆ ಅವಳು ತಪ್ಪು ದಾರಿಯನ್ನೇ ಇಪ್ಪತ್ತು ಸಲ ಅಭ್ಯಾಸ ಮಾಡುತ್ತಾಳೆ. ಇಲ್ಲವೇ 'ಪಕ್ಕದ ಮನೆಯಿಂದ ಒಂದು ಸಾಲ ತಗೋ' ಎನ್ನುವ ಸೂತ್ರ ಕಲಿತು, ಯಾಕೆ ಎಂದು ಗೊತ್ತಿಲ್ಲದೆ ಮಾಡುತ್ತಾಳೆ. ಅದು ಸೊನ್ನೆ ಇರುವ ಲೆಕ್ಕ ಬಂದ ದಿನ ಕೈ ಕೊಡುತ್ತದೆ. ಹಾಗೆಂದು ಅತ್ತೆಯವರ ಜೊತೆ ವಾದ ಮಾಡಬೇಡಿ. ಕೈಯಿಂದ ಮಾಡಿ ಕಲಿಯುವುದು ಎಲ್ಲಿಂದಲೋ ಬಂದ ಹೊಸ ಫ್ಯಾಷನ್ ಅಲ್ಲ ಎಂದು ಹೇಳಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಪದ್ಧತಿ, 2009ರ ನಂತರ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ಮಾಡಿ ಕಲಿಯುವುದೇ ಅದರ ಬೇರು.

ಬೆರಳಚ್ಚಿನ ಪರೀಕ್ಷೆಗೆ ದಯವಿಟ್ಟು ಹಣ ಹಾಕಬೇಡಿ. ಬೆರಳಿನ ಗೆರೆ ನೋಡಿ ಮಗುವಿನ ಬುದ್ಧಿ, ಕಲಿಯುವ ರೀತಿ ಹೇಳಬಹುದು ಎನ್ನುವುದಕ್ಕೆ ವಿಜ್ಞಾನದ ಆಧಾರ ಇಲ್ಲ. ಆ ವರದಿ ಬಂದ ಮೇಲೆ ಅಪ್ಪ ಅಮ್ಮ 'ಇವಳಿಗೆ ಗಣಿತ ಒಲಿಯಲ್ಲ' ಎಂದು ತೀರ್ಮಾನ ಮಾಡಿಬಿಡುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟ ಆಗಿದೆ. ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ, ಕೆಲವರು ಮುಟ್ಟಿ, ಹಾಗಾಗಿ ಆಯಾ ರೀತಿಯಲ್ಲೇ ಕಲಿಸಬೇಕು ಎನ್ನುವ ಮಾತು ಕೂಡ ಬಹಳ ಹರಡಿದೆ. 2008ರಲ್ಲಿ ಅಮೆರಿಕದ ನಾಲ್ಕು ಮನಶ್ಶಾಸ್ತ್ರಜ್ಞರು ಈ ಬಗ್ಗೆ ಅಲ್ಲಿಯವರೆಗೆ ಬಂದಿದ್ದ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿದರು. ಹಾಗೆ ವಿಂಗಡಿಸಿ ಕಲಿಸಿದರೆ ಜಾಸ್ತಿ ಕಲಿಯುತ್ತಾರೆ ಎನ್ನಲು ಸಾಕಷ್ಟು ಪುರಾವೆ ಅವರಿಗೆ ಸಿಗಲಿಲ್ಲ. ನಿಮ್ಮ ಮಗಳಿಗೆ ಮುಟ್ಟುವುದೂ ಬೇಕು, ನೋಡುವುದೂ ಬೇಕು, ಮಾತೂ ಬೇಕು. ಎಲ್ಲ ಮಕ್ಕಳಿಗೂ ಬೇಕು.

ಹಾಗಾದರೆ ನೀವು ಮಾಡಿಸಿದ ಚಟುವಟಿಕೆಗಳು ಯಾಕೆ ಫಲ ಕೊಡಲಿಲ್ಲ? ನಿಮ್ಮ ಶ್ರಮ ಕಡಿಮೆಯಾಗಿ ಅಲ್ಲ. ದಿನಕ್ಕೊಂದು ಹೊಸದು ತಂದಾಗ ಮಗುವಿನ ಗಮನವೆಲ್ಲ ಆಟದ ನಿಯಮ ತಿಳಿಯುವುದರಲ್ಲಿ, ಅಂಟಿಸುವುದರಲ್ಲಿ, ಬಣ್ಣ ಹಚ್ಚುವುದರಲ್ಲಿ ಮುಗಿದುಹೋಗುತ್ತದೆ. ಲೆಕ್ಕದ ಹತ್ತಿರ ಬರುವ ಹೊತ್ತಿಗೆ ಊಟದ ಸಮಯ ಆಗಿರುತ್ತದೆ. ವಸ್ತು ಎಷ್ಟು ಚೆಂದ ಇದ್ದರೆ ಅಷ್ಟು ಒಳ್ಳೆಯದು ಎನ್ನುವುದೂ ಸರಿಯಲ್ಲ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ನಿಜವಾದ ನೋಟು ನಾಣ್ಯದ ಹಾಗೇ ಕಾಣುವ ಆಟದ ದುಡ್ಡು ಹಿಡಿದು ಲೆಕ್ಕ ಮಾಡಿದ ಮಕ್ಕಳು, ಚಿತ್ರವಿಲ್ಲದ ಸಾದಾ ಕಾಗದದ ದುಡ್ಡು ಹಿಡಿದವರಿಗಿಂತ ಜಾಸ್ತಿ ತಪ್ಪು ಮಾಡಿದರು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದು ಇದೆ. ಕೈಯಲ್ಲಿ ನಡೆದದ್ದು ಒಂದು ಕಡೆ, ಪುಸ್ತಕದಲ್ಲಿ ಬರೆದದ್ದು ಇನ್ನೊಂದು ಕಡೆ ಉಳಿದುಬಿಟ್ಟಿದೆ. ಬೀಜ, ಕಡ್ಡಿ, ಮಣಿ ಯಾವುದೂ ತಾನಾಗಿ ಏನನ್ನೂ ಕಲಿಸುವುದಿಲ್ಲ. 'ನೀನು ಈಗ ಬಿಚ್ಚಿದ ಕಟ್ಟು ಇದೆಯಲ್ಲ, ಅದು ಕಾಗದದ ಮೇಲೆ ಎಲ್ಲಿದೆ?' ಎಂದು ಕೇಳಿದಾಗ, ಮಗು ಹುಡುಕಿ ಹೇಳಿದಾಗ ಕಲಿಕೆ ಆಗುತ್ತದೆ. ಮಕ್ಕಳು ಮೊದಲು ಕೈಯಿಂದ ಮಾಡಿ, ಆಮೇಲೆ ಚಿತ್ರ ಬರೆದು, ಕೊನೆಗೆ ಅಂಕಿಗಳಲ್ಲಿ ಬರೆದು ಕಲಿಯಬೇಕು ಎನ್ನುವುದನ್ನು ಜೆರೋಮ್ ಬ್ರೂನರ್ ಎಂಬ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ವಿವರಿಸಿದ್ದರು. ಮನೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ನಡುವಿನ ಆ ಚಿತ್ರದ ಮೆಟ್ಟಿಲು.

ಈಗ ಮಾಡಬೇಕಾದ ಕೆಲಸ. ತೆಂಗಿನ ಕಡ್ಡಿ ಪೊರಕೆ ಹೊಸದೊಂದನ್ನು ತೆಗೆದುಕೊಳ್ಳಿ. ಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿಯಿರಿ. ಚೂಪು ತುದಿ ಕತ್ತರಿಸಿ ಹಾಕಿ. ನೂರಿಪ್ಪತ್ತು ತುಂಡು ಇದ್ದರೆ ಸಾಕು. ಐಸ್‌ಕ್ರೀಮ್ ಕಡ್ಡಿ ಇದ್ದರೆ ಅದೂ ಆಗುತ್ತದೆ. ಜೊತೆಗೆ ಒಂದು ಹಿಡಿ ರಬ್ಬರ್ ಬ್ಯಾಂಡ್.

ಮೊದಲ ಎರಡು ಮೂರು ಸಂಜೆ ಬರೀ ಎಣಿಸಿ ಕಟ್ಟುವ ಕೆಲಸ. ಹತ್ತು ಕಡ್ಡಿ ಆಯಿತೇ, ರಬ್ಬರ್ ಹಾಕು. ಈ ಕಟ್ಟುಗಳನ್ನು ಮಗಳೇ ಕಟ್ಟಬೇಕು, ನೀವು ಕಟ್ಟಿಡಬೇಡಿ. ಸುಮ್ನೆ ಸಮಯ ಹಾಳು ಎನ್ನಿಸಬಹುದು, ಆದರೆ ಹತ್ತು ಬಿಡಿ ಸೇರಿ ಒಂದು ಕಟ್ಟು ಆಯಿತು ಎನ್ನುವುದು ಅವಳ ಕೈಗೆ ಗೊತ್ತಾಗುವುದು ಇಲ್ಲೇ. ನಾನು ಇಲ್ಲಿ ದುಡ್ಡಿನಿಂದ ಶುರು ಮಾಡಿ ಎನ್ನದೇ ಇರುವುದಕ್ಕೂ ಇದೇ ಕಾರಣ. ಹತ್ತು ರೂಪಾಯಿ ನೋಟಿನೊಳಗೆ ಒಂದೊಂದು ರೂಪಾಯಿಯ ಹತ್ತು ನಾಣ್ಯ ಕಾಣುವುದಿಲ್ಲ, ನಂಬಬೇಕು ಅಷ್ಟೆ. ಕಟ್ಟಿನೊಳಗೆ ಹತ್ತು ಕಡ್ಡಿ ಕಣ್ಣಿಗೆ ಕಾಣುತ್ತವೆ. ಬೇಕೆಂದಾಗ ಬಿಚ್ಚಬಹುದು. ಕಳೆಯುವ ಲೆಕ್ಕಕ್ಕೆ ಬೇಕಾದದ್ದು ಆ ಬಿಚ್ಚುವಿಕೆ. ನೋಟು ನಾಣ್ಯದ ಅಂಗಡಿ ಆಟ ಮೂರು ವಾರ ಬಿಟ್ಟು ಬರಲಿ.

ಆಮೇಲೆ ಕಳೆಯುವುದು. ಅವಳ ಮುಂದೆ ಐದು ಕಟ್ಟು, ಎರಡು ಬಿಡಿ. ಕಾಗದ ಪೆನ್ಸಿಲ್ ಬೇಡ. ಮೊದಲು ಒಂದು ಪ್ರಶ್ನೆ ಕೇಳಿ: 'ನನಗೆ ಇಪ್ಪತ್ತೇಳು ಕೊಟ್ಟರೆ ನಿನ್ನ ಹತ್ತಿರ ಮೂವತ್ತಕ್ಕಿಂತ ಜಾಸ್ತಿ ಉಳಿಯುತ್ತಾ, ಕಡಿಮೆ ಉಳಿಯುತ್ತಾ?' ಉತ್ತರ ತಪ್ಪಾದರೂ ಪರವಾಗಿಲ್ಲ, ಅಂದಾಜು ಮಾಡುವ ಅಭ್ಯಾಸ ಬೀಳಲಿ. ಆಮೇಲೆ 'ಈಗ ಕೊಡು' ಎನ್ನಿ. ಎರಡು ಕಟ್ಟು ಕೊಡುತ್ತಾಳೆ. ಏಳು ಬಿಡಿ ಕೊಡಬೇಕು, ಎರಡೇ ಇವೆ. ಇಲ್ಲಿ ಅವಳು ನಿಲ್ಲುತ್ತಾಳೆ. ನಿಮ್ಮ ಮುಖ ನೋಡುತ್ತಾಳೆ. ನೀವು ಬಾಯಿ ಬಿಡಬೇಡಿ. ನನ್ನ ಅನುಭವದಲ್ಲಿ ಇಡೀ ಚಟುವಟಿಕೆಯ ತಿರುಳು ಈ ಅರ್ಧ ನಿಮಿಷದಲ್ಲಿದೆ. ದೊಡ್ಡವರಿಗೆ ಅತಿ ಕಷ್ಟವಾಗುವುದೂ ಇದೇ. 'ಸಾಲ ತಗೋ' ಎಂದು ನೀವು ಹೇಳಿಬಿಟ್ಟರೆ ಅವಳು ಮಾಡುತ್ತಾಳೆ, ಆದರೆ ಆ ಯೋಚನೆ ನಿಮ್ಮದಾಗುತ್ತದೆ.

ಕಾದರೆ ಎರಡರಲ್ಲಿ ಒಂದು ಆಗುತ್ತದೆ. ಹೆಚ್ಚಿನ ಮಕ್ಕಳು ಒಂದು ಕಟ್ಟು ಹಿಡಿದು 'ಇದನ್ನು ಬಿಚ್ಚಲಾ?' ಎನ್ನುತ್ತಾರೆ. ಬಿಚ್ಚಿದರೆ ಹನ್ನೆರಡು ಬಿಡಿ, ಅದರಲ್ಲಿ ಏಳು ಕೊಟ್ಟರೆ ಐದು. ಕಟ್ಟು ಎರಡು. ಒಟ್ಟು 25. ಇನ್ನು ಕೆಲವರು ಮೂರು ಕಟ್ಟು ಪೂರ್ತಿ ಕೊಟ್ಟು 'ಮೂರು ಕಡ್ಡಿ ವಾಪಸ್ ಕೊಡು' ಎನ್ನುತ್ತಾರೆ. ಅದೂ ನೂರಕ್ಕೆ ನೂರು ಸರಿ. ಅಂಗಡಿಯವರು ಚಿಲ್ಲರೆ ಕೊಡುವಾಗ ಮಾಡುವುದು ಅದನ್ನೇ. ಪುಸ್ತಕದ ಕ್ರಮ ಅಲ್ಲ ಎಂದು ಅದನ್ನು ತಡೆಯಬೇಡಿ. ಹೊಗಳಿ, ಆಮೇಲೆ 'ಇನ್ನೊಂದು ರೀತಿ ಇದೆಯಾ?' ಎಂದು ಕೇಳಿ. ಯಾವುದೂ ಹೊಳೆಯದೆ ಅಳು ಬರುವಂತಾದರೆ 'ಆ ಕಟ್ಟಿನೊಳಗೆ ಏನಿದೆ?' ಎನ್ನುವ ಒಂದೇ ಪ್ರಶ್ನೆ ಸಾಕು.

ಸುಮಾರು ಒಂದು ವಾರ ಹೀಗೆ ಆದ ಮೇಲೆ ಕಾಗದ ತನ್ನಿ. ಈಗ ಕಡ್ಡಿ ಮತ್ತು ಬರವಣಿಗೆ ಒಟ್ಟಿಗೆ ನಡೆಯಬೇಕು. ಕಟ್ಟು ಬಿಚ್ಚಿದ ಆ ಕ್ಷಣವೇ 5 ಹೊಡೆದು 4 ಬರೆಯಬೇಕು, 2ರ ಜಾಗಕ್ಕೆ 12 ಬರೆಯಬೇಕು. ಎಲ್ಲ ಕಡ್ಡಿ ಲೆಕ್ಕ ಮುಗಿಸಿ ಆಮೇಲೆ ಒಟ್ಟಿಗೆ ಬರೆದರೆ ಎರಡರ ನಡುವಿನ ಕೊಂಡಿ ಕಳಚಿಹೋಗುತ್ತದೆ. ನಡುನಡುವೆ ಬೆರಳು ತೋರಿಸಿ ಕೇಳಿ: 'ಈ 4 ಎಂದರೆ ಯಾವುದು? ಇಲ್ಲಿ ತೋರಿಸು.' ಮೂರನೇ ವಾರ ಕಡ್ಡಿ ತೆಗೆದಿಟ್ಟು, ಕಟ್ಟಿಗೆ ಒಂದು ಉದ್ದ ಗೆರೆ, ಬಿಡಿಗೆ ಒಂದು ಚುಕ್ಕಿ ಎಂದು ಚಿತ್ರ ಬರೆಸಿ. ಕಟ್ಟು ಬಿಚ್ಚಬೇಕಾದಾಗ ಗೆರೆ ಹೊಡೆದು ಹತ್ತು ಚುಕ್ಕಿ ಇಡುತ್ತಾಳೆ. ನಾಲ್ಕೈದು ದಿನದಲ್ಲಿ ಅವಳೇ 'ಚುಕ್ಕಿ ಇಡೋದು ಬೋರು, ಹಾಗೇ ಬರೀತೀನಿ' ಎಂದು ಹೇಳಿದರೆ ಅದು ಒಳ್ಳೆಯ ಲಕ್ಷಣ. ಈಗ ಅತ್ತೆಯವರು ಹೇಳಿದ ಬರೆಯುವ ಅಭ್ಯಾಸಕ್ಕೆ ಸಮಯ ಬಂತು. ಇಪ್ಪತ್ತು ಬೇಡ, ದಿನಕ್ಕೆ ಐದು ಲೆಕ್ಕ. ಪ್ರತಿಯೊಂದಕ್ಕೂ ಕೂಡಿ ತಾಳೆ ನೋಡುವ ರೂಢಿ ಮಾಡಿಸಿ. 35ಕ್ಕೆ 27 ಕೂಡಿದರೆ 62 ಬಂತು, ನಮ್ಮ ಹತ್ತಿರ ಇದ್ದದ್ದು 52 ಅಲ್ವಾ ಎಂದು ಅವಳೇ ಹಿಡಿಯಲಿ.

ಶಾಲೆ ಇಂಗ್ಲಿಷ್ ಮೀಡಿಯಂ ಆಗಿದ್ದರೂ ಈ ಮಾತುಕತೆ ಕನ್ನಡದಲ್ಲೇ ಇರಲಿ. ಯೋಚನೆ ಗಟ್ಟಿಯಾದ ಮೇಲೆ ಇಂಗ್ಲಿಷ್ ಪದ ಕಲಿಯಲು ಹೆಚ್ಚು ಹೊತ್ತು ಬೇಡ.

ಸೊನ್ನೆಯ ಲೆಕ್ಕ ಆಮೇಲೆ. ಹತ್ತು ಕಟ್ಟುಗಳನ್ನು ಸೇರಿಸಿ ಒಂದು ದೊಡ್ಡ ಹೊರೆ ಕಟ್ಟಿಸಿ, ಪಕ್ಕದಲ್ಲಿ ಐದು ಬಿಡಿ ಇಡಿ. 105. ಅದರಲ್ಲಿ 38 ಕೇಳಿ. ಹಳೆಯ ದಾರಿಯಲ್ಲಿ ಮಾಡಿದರೆ 133 ಬರುತ್ತದೆ, ಕೊಟ್ಟ ಮೇಲೆ ಇದ್ದದ್ದಕ್ಕಿಂತ ಜಾಸ್ತಿ! ಕಡ್ಡಿ ಮುಂದೆ ಇರುವಾಗ ಮಕ್ಕಳಿಗೆ ಇದು ತಪ್ಪು ಎಂದು ತಕ್ಷಣ ಗೊತ್ತಾಗುತ್ತದೆ. ಹೊರೆ ಬಿಚ್ಚಿದರೆ ಹತ್ತು ಕಟ್ಟು. ಅದರಲ್ಲಿ ಒಂದು ಬಿಚ್ಚಿದರೆ ಒಂಬತ್ತು ಕಟ್ಟು, ಹದಿನೈದು ಬಿಡಿ. ಸೊನ್ನೆಯ ಜಾಗಕ್ಕೆ 9 ಹೇಗೆ ಬಂತು ಎನ್ನುವುದು ಎಷ್ಟೋ ದೊಡ್ಡವರಿಗೂ ಗೊತ್ತಿಲ್ಲದ ಸಂಗತಿ. ನಿಮ್ಮ ಮಗಳು ಅದನ್ನು ಕಣ್ಣಾರೆ ನೋಡಿರುತ್ತಾಳೆ.

ಅರ್ಧ ಗಂಟೆ ಬೇಡ, ಹದಿನೈದು ನಿಮಿಷ ಸಾಕು. ವಾರಕ್ಕೆ ನಾಲ್ಕು ಸಂಜೆ. ದಣಿದು ಬಂದ ದಿನ ಬಿಟ್ಟುಬಿಡಿ, ಕೋಪದಲ್ಲಿ ಕೂತು ಮಾಡಿಸಿದ ಲೆಕ್ಕ ಏನೂ ಮಾಡಿಸದೆ ಇರುವುದಕ್ಕಿಂತ ಕೆಟ್ಟದ್ದು. ಬೇಸರ ಬಂದರೆ ವಸ್ತು ಬದಲಾಯಿಸಬೇಡಿ, ಆಟ ಬದಲಾಯಿಸಿ. ಎರಡು ದಾಳ ಉರುಳಿಸಿ, ನೂರರಿಂದ ಶುರು ಮಾಡಿ, ಬಿದ್ದಷ್ಟು ಕಡ್ಡಿ ಡಬ್ಬಕ್ಕೆ ವಾಪಸ್ ಹಾಕುತ್ತಾ ಹೋಗುವುದು, ಯಾರ ಕೈ ಮೊದಲು ಖಾಲಿಯಾಗುತ್ತದೋ ಅವರು ಗೆದ್ದರು. ಇಬ್ಬರು ಆಡಿದರೆ ಇನ್ನೂರು ಕಡ್ಡಿ ಬೇಕು, ಕಡಿಮೆ ಇದ್ದರೆ ಐವತ್ತರಿಂದ ಶುರು ಮಾಡಿ. ಈ ಆಟದಲ್ಲಿ ಕಟ್ಟು ಬಿಚ್ಚುವುದು ಮತ್ತೆ ಮತ್ತೆ ಬರುತ್ತದೆ. ಅಜ್ಜಿಯನ್ನು ಆಟಕ್ಕೆ ಸೇರಿಸಿಕೊಳ್ಳಿ. ಅಳಗುಳಿ ಮಣೆ ಮನೆಯಲ್ಲಿದ್ದರೆ ಅದನ್ನೂ ಆಡಲಿ. ಎಣಿಕೆ, ಮುಂದಾಲೋಚನೆ ಎರಡಕ್ಕೂ ಒಳ್ಳೆಯದು. ಆದರೆ ಅದರಲ್ಲಿ ಹತ್ತರ ಗುಂಪು ಬರುವುದಿಲ್ಲ, ಹಾಗಾಗಿ ಈ ತೊಂದರೆಗೆ ಅದು ಮದ್ದಲ್ಲ. ಮುಂದೆ ಭಿನ್ನರಾಶಿ ಬಂದಾಗ ಅಜ್ಜಿಯ ಪಾವು, ಸೇರು ಬಹಳ ಕೆಲಸಕ್ಕೆ ಬರುತ್ತವೆ. ನಾಲ್ಕು ಪಾವು ಅಕ್ಕಿ ಸುರಿದರೆ ಒಂದು ಸೇರು ತುಂಬುವುದನ್ನು ನೋಡಿದ ಮಗುವಿಗೆ ಕಾಲು ಭಾಗ ಎಂದರೇನು ಎಂದು ಬೇರೆ ಹೇಳಬೇಕಿಲ್ಲ.

ಇದರಲ್ಲೂ ಅಪಾಯಗಳಿವೆ. ಮೂರು ವರ್ಷದ ಮಗ ಇದ್ದಾನೆ ಎಂದಿದ್ದೀರಿ. ಹುಣಸೆ ಬೀಜ, ಮಣಿ, ರಬ್ಬರ್ ಬ್ಯಾಂಡ್ ಆ ವಯಸ್ಸಿನವರ ಬಾಯಿಗೆ, ಮೂಗಿಗೆ ಹೋಗುತ್ತವೆ, ಗಂಟಲಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಕಡ್ಡಿ ಕಣ್ಣಿಗೆ ತಾಗಬಹುದು. ಅವನು ಮಲಗಿದ ಮೇಲೆ ಅಥವಾ ಬೇರೆಯವರ ಜೊತೆ ಇರುವಾಗ ಮಾಡಿ, ಮುಗಿದ ತಕ್ಷಣ ಎಣಿಸಿ ಮುಚ್ಚಳ ಇರುವ ಡಬ್ಬಕ್ಕೆ ಹಾಕಿ ಮೇಲಿಡಿ. ಬೆಂಕಿಕಡ್ಡಿ ಬೇಡವೇ ಬೇಡ. ಇನ್ನೊಂದು ಅಪಾಯ ಮಗಳಿಗೆ ಸಂಬಂಧಿಸಿದ್ದು. ಕಡ್ಡಿ ಇಲ್ಲದೆ ಲೆಕ್ಕ ಮಾಡುವುದೇ ಇಲ್ಲ ಎನ್ನುವ ಹಂತದಲ್ಲಿ ಕೆಲವು ಮಕ್ಕಳು ನಿಂತುಬಿಡುತ್ತಾರೆ. ಅದಕ್ಕೇ ಚಿತ್ರದ ಮೆಟ್ಟಿಲನ್ನು ಬಿಡಬೇಡಿ ಎಂದದ್ದು. ಶಾಲೆಯಲ್ಲಿ ಟೀಚರ್ ಬೇರೆ ಕ್ರಮದಲ್ಲಿ ಬರೆಸುತ್ತಿದ್ದರೆ ಮಗು ಇಬ್ಬರ ನಡುವೆ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಹೋಗಿ ಮಾತಾಡಿ, ಅವರು ಬರೆಸುವ ರೀತಿಯಲ್ಲೇ ನೀವೂ ಬರೆಸಿ.

ಅಬಾಕಸ್ ಕ್ಲಾಸು ಕೆಟ್ಟದ್ದಲ್ಲ. ಕೂಡುವ ಕಳೆಯುವ ವೇಗ ಹೆಚ್ಚಬಹುದು. ಆದರೆ ಅಲ್ಲಿ ಮಣಿ ಓಡಿಸುವ ಕ್ರಮ ಬಾಯಿಪಾಠ ಆಗಿ, ಯಾವ ಮಣಿಯ ಬೆಲೆ ಎಷ್ಟು ಎಂದು ಗೊತ್ತಿಲ್ಲದೆಯೇ ಉತ್ತರ ಸರಿ ಬರಲು ಶುರುವಾದರೆ ಈಗಿರುವ ತೊಂದರೆ ಮುಚ್ಚಿಹೋಗುತ್ತದೆ, ಹೋಗುವುದಿಲ್ಲ. ನನ್ನ ಮಗಳಾಗಿದ್ದರೆ ಈ ವರ್ಷ ಸೇರಿಸುತ್ತಿರಲಿಲ್ಲ. ಸ್ಥಾನಬೆಲೆ, ಅಂದರೆ ಅಂಕಿ ನಿಂತ ಜಾಗಕ್ಕೆ ತಕ್ಕ ಬೆಲೆ, ಗಟ್ಟಿಯಾದ ಮೇಲೆ ಅವಳಿಗೇ ಆಸೆ ಇದ್ದರೆ ಸೇರಿಸಬಹುದು. ನೀವು ತರಿಸಿದ ಕಿಟ್ ತೆರೆದು ನೋಡಿ. ಒಂದು, ಹತ್ತು, ನೂರರ ಅಳತೆಯ ಒಂದೇ ಬಣ್ಣದ ಬ್ಲಾಕುಗಳು ಅಥವಾ ಹತ್ತು ಹತ್ತರ ಮಣಿಸರ ಇದ್ದರೆ ತೆಗೆದಿಟ್ಟುಕೊಳ್ಳಿ, ಕಡ್ಡಿಯ ನಂತರ ಉಪಯೋಗಕ್ಕೆ ಬರುತ್ತವೆ. ಉಳಿದದ್ದನ್ನು ಆಟದ ಸಾಮಾನಿನ ಜೊತೆ ಇಡಿ.

ಎರಡು ಮೂರು ತಿಂಗಳು ಸಮಾಧಾನವಾಗಿ ಮಾಡಿಸಿದ ಮೇಲೂ ಏನೂ ಬದಲಾಗದಿದ್ದರೆ, ಅದರ ಜೊತೆಗೆ 3ಕ್ಕೆ 2 ಕೂಡಲೂ ಪ್ರತಿ ಸಲ ಬೆರಳು ಎಣಿಸುತ್ತಿದ್ದರೆ, 47 ಮತ್ತು 74ರಲ್ಲಿ ಯಾವುದು ದೊಡ್ಡದು ಎನ್ನುವುದೇ ಗೊತ್ತಾಗದಿದ್ದರೆ, ತಡ ಮಾಡದೆ ತೋರಿಸಿ. ಮೊದಲು ಕಣ್ಣು, ಕಿವಿ ಪರೀಕ್ಷೆ. ಆಮೇಲೆ ಕಲಿಕೆಯ ತೊಂದರೆಗಳನ್ನು ಪರೀಕ್ಷಿಸುವ ಮನಶ್ಶಾಸ್ತ್ರಜ್ಞರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ ಇದರ ಪರೀಕ್ಷೆ ಮಾಡುತ್ತಾರೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮಗಳಿಗೆ ಅದರ ಅಗತ್ಯ ಬರುವ ಹಾಗೆ ಕಾಣುವುದಿಲ್ಲ.

ನಾಲ್ಕು ವಾರ ಆದ ಮೇಲೆ ಹೀಗೆ ನೋಡಿ. ಕಡ್ಡಿ ಇಲ್ಲದೆ ನಾಲ್ಕು ಲೆಕ್ಕ ಕೊಡಿ: 61ರಲ್ಲಿ 38, 40ರಲ್ಲಿ 16, 58ರಲ್ಲಿ 23, 105ರಲ್ಲಿ 38. ಮೂರನೆಯದನ್ನು ಬೇಕೆಂದೇ ಸೇರಿಸಿದ್ದೇನೆ, ಅದರಲ್ಲಿ ಕಟ್ಟು ಬಿಚ್ಚುವ ಅಗತ್ಯವೇ ಇಲ್ಲ. ಬಿಚ್ಚುವುದನ್ನು ಹೊಸದಾಗಿ ಕಲಿತ ಮಕ್ಕಳು ಅಲ್ಲೂ 5 ಹೊಡೆದು 4 ಮಾಡಿಬಿಡುತ್ತಾರೆ. ನಿಮ್ಮ ಮಗಳೂ ಹಾಗೆ ಮಾಡಿದರೆ ಗಾಬರಿ ಆಗಬೇಡಿ. ಐದು ಕಟ್ಟು, ಎಂಟು ಬಿಡಿ ಮುಂದಿಟ್ಟು, 'ಇಪ್ಪತ್ತಮೂರು ಕೊಡಲು ಕಟ್ಟು ಬಿಚ್ಚಬೇಕಾ?' ಎಂದು ಒಮ್ಮೆ ಕೇಳಿ.